ಅಪ್ಪನ ರೆಕ್ಕೆಯ ರಿವೆಟ್‌ಗಳು

ಕಣ್ಣು ಪೂರ್ತಿ ಮಂಜಾದ ಮೇಲೆ ಅಪ್ಪನಿಗೆ ಬೆರಳೇ ಕಣ್ಣು. ಲೋಟ ಯಾವುದು, ಚಪ್ಪಲಿ ಯಾರದು, ಮಗಳು ಅತ್ತಿದ್ದಾಳೋ ನಗುತ್ತಿದ್ದಾಳೋ, ಎಲ್ಲವನ್ನೂ ಸವರಿಯೇ ಹೇಳುವರು. ಯುದ್ಧದ ಕಾಲದಲ್ಲಿ ವಿಮಾನದ ಕಾರ್ಖಾನೆಯಲ್ಲಿ ರೆಕ್ಕೆಗಳಿಗೆ ರಿವೆಟ್ ಹೊಡೆದವರು ಅವರು. ತಗಡಿಗೆ ತಗಡು ಕೂಡಿಸುವ ಆ ಗುಂಡುತಲೆಯ ಮೊಳೆಗಳ ಮಾತು ಬಂದರೆ ಊಟವೂ ನೆನಪಿರುತ್ತಿರಲಿಲ್ಲ.

"ಮಾಡಿದ್ದೆಲ್ಲ ಹಾರಿಹೋಯ್ತು ಮರಿ. ಒಂದನ್ನಾದ್ರೂ ಆಮೇಲೆ ಮುಟ್ಟೋಕೆ ಸಿಗಲಿಲ್ಲ," ಎನ್ನುವರು.

ಆ ಮಾತು ಮಗಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ಅಂಗಡಿಯಲ್ಲಿ ಅದೇ ವಿಮಾನದ ಪ್ಲಾಸ್ಟಿಕ್ ಮಾದರಿ ಕಂಡದ್ದೇ ತಡ, ಹಿಂದುಮುಂದು ನೋಡದೆ ತಂದಳು. ಅಪ್ಪನ ಕೈಗೆ ಅವರ ವಿಮಾನ ಇನ್ನೊಮ್ಮೆ ಸಿಗಬೇಕು, ಅಷ್ಟೆ.

"ಏನೇ, ನಾಳೆ ನನ್ನ ತಟ್ಟೇಲಿ ಚಕ್ರ ಸಿಕ್ಕಿದ್ರೆ?" ಅಡುಗೆಮನೆಯ ಕಟ್ಟೆಯ ಮೇಲೆ ಹರಡಿದ್ದ ಬಿಡಿಭಾಗಗಳನ್ನು ನೋಡಿ ಗಂಡ ಕೇಳಿದ.

"ತೊಳೆದು ಕೊಡಿ. ಬೇರೆ ಇಲ್ಲ."

ಹಾಲು ಕಾಯುವಷ್ಟರಲ್ಲಿ ಒಂದು ಅಂಟು, ಬಟ್ಟೆ ನೆನೆಯುವಷ್ಟರಲ್ಲಿ ಇನ್ನೊಂದು. ಸಂದಿಗೆ ಪುಟ್ಟಿ ತುಂಬಿ ಮರಳುಕಾಗದದಲ್ಲಿ ಉಜ್ಜಿದಳು. ಪಾತ್ರೆ ತಿಕ್ಕಿ ಪಳಗಿದ ಕೈ ಅಷ್ಟಕ್ಕೇ ನಿಲ್ಲುತ್ತದೆಯೇ? ಸಂದಿಯಿಂದ ಶುರುವಾಗಿ ಇಡೀ ರೆಕ್ಕೆ ಫಳಫಳ ನುಣುಪಾಯಿತು. ಮೇಲೆ ಹಸಿರು, ಕಂದು, ಹೊಟ್ಟೆಗೆ ತಿಳಿನೀಲಿ. ಬಣ್ಣ ಒಣಗಿದ ಮೇಲೆ ತಂದು ಅಪ್ಪನ ತೊಡೆಯ ಮೇಲಿಟ್ಟಳು.

ಬೆರಳು ಮೂತಿ ಸವರಿತು, ಪಂಖ ತಿರುಗಿಸಿತು, ರೆಕ್ಕೆಗೆ ಬಂದು ಅಲ್ಲೇ ತಡಕಾಡಿತು.

"ಚೆನ್ನಾಗಿದೆ ಮರಿ," ಎಂದರು ಅಪ್ಪ. ಉಪ್ಪಿಲ್ಲದ ಅಡುಗೆಗೂ ಅವರು ಹೇಳುವುದು ಅದೇ ದನಿಯಲ್ಲಿ. "ಒಳ್ಳೇ ಸೋಪಿನ ಹಾಗೆ ಜಾರುತ್ತೆ."

ಅವಳು ಮಾದರಿಯ ಪೆಟ್ಟಿಗೆ ತೆರೆದಳು. ಪೆಟ್ಟಿಗೆಯಲ್ಲಿ ಉಳಿದಿದ್ದ ತುಂಡೊಂದನ್ನು ಬೆಳಕಿಗೆ ಹಿಡಿದು ನೋಡಿದಳು. ಅದರ ಮೈತುಂಬ ಸಾಸಿವೆಗಿಂತ ಸಣ್ಣ ಉಬ್ಬುಗಳ ಸಾಲು, ರಿವೆಟ್‌ಗಳ ತಲೆ. ಉಜ್ಜಿ ಉಜ್ಜಿ ಅಪ್ಪನ ಕೆಲಸವನ್ನೇ ಉಜ್ಜಿಹಾಕಿದ್ದಳು.

ಮತ್ತೆ ಕೂತಳು. ರೆಕ್ಕೆಯ ಮೇಲೆ ದಾರ ಎಳೆದು ಕಟ್ಟಿ, ಅದರ ಪಕ್ಕದಲ್ಲೇ ಸೂಜಿಯ ತುದಿಯಿಂದ ಬಿಳಿ ಗೋಂದಿನ ಚುಕ್ಕೆ ಇಡುತ್ತ ಹೋದಳು. ಒಂದು ಸಾಲು, ಪಾತ್ರೆ. ಒಂದು ಸಾಲು, ಮಕ್ಕಳ ಜಡೆ. ನಡುವೆ ಕುಕ್ಕರ್ ಸೀಟಿ ಹಾಕಿ ಕೈ ಬೆಚ್ಚಿತು. ಒಂದು ಚುಕ್ಕೆ ದಾರ ಬಿಟ್ಟು ಆಚೆ ಬಿತ್ತು, ಅವಳು ಗಮನಿಸಲಿಲ್ಲ. ಗೋಂದು ಗಟ್ಟಿಯಾದ ಮೇಲೆ ತೆಳ್ಳಗೆ ಬಣ್ಣ ಸವರಿದಳು.

ಈ ಸಲ ಅಪ್ಪನ ಬೆರಳು ಇರುವೆಯ ಹಾಗೆ ಸಾಲು ಹಿಡಿದು ಹೊರಟಿತು. ಬೆರಳು ಥಟ್ಟನೆ ನಿಂತಿತು.

"ಇದನ್ನ ಹೊಡೆದೋರು ಯಾರು? ಸಾಲು ಬಿಟ್ಟು ಓಡ್ಹೋಗಿದೆ!"

"ನಾನೇ ಅಪ್ಪಾ. ಕುಕ್ಕರ್ ಕೂಗ್ತು."

"ಕುಕ್ಕರ್ ಕೂಗಿದ್ರೆ ರೆಕ್ಕೆ ಕಳಚಿ ಬೀಳ್ಬೇಕೇನು? ನಮ್ಮ ಮೇಸ್ತ್ರಿ ಕೈಗೆ ಸಿಕ್ಕಿದ್ರೆ ನಿನ್ನ ಕಿವಿ ಉಳೀತಿರಲಿಲ್ಲ!" ಕೈ ಚಾಚಿ, ಹುಡುಕದೆಯೇ ಅವಳ ಕಿವಿ ಹಿಡಿದು ಮೆಲ್ಲಗೆ ಹಿಂಡಿದರು. ಎಷ್ಟೋ ದಿನದ ಮೇಲೆ ಮುಖ ತುಂಬ ನಗು.

"ಕೆರೆದು ಸರಿ ಮಾಡ್ಲಾ?"

"ಮುಟ್ಟಬೇಡ. ನಿನ್ನ ಉಜ್ಜೋ ಕೈ ನನಗೆ ಗೊತ್ತು."

ಒಳಗಿನಿಂದ ಅಳಿಯ ಊಟಕ್ಕೆ ಕರೆದ.

"ನೀವು ಶುರು ಮಾಡ್ಕೊಳ್ಳಿ," ಎಂದರು ಅಪ್ಪ, ವಿಮಾನವನ್ನು ಮಗ್ಗುಲು ತಿರುಗಿಸುತ್ತ. "ನನ್ನದು ಇನ್ನೊಂದು ರೆಕ್ಕೆ ಬಾಕಿ ಇದೆ."