ಕಾರಿಡಾರಿನ ಒಪ್ಪಿಗೆ

ಕ್ಯಾನ್ಸರ್ ಆಸ್ಪತ್ರೆಯ ಮೂರನೇ ಮಹಡಿಯ ಹೆಂಗಸರ ವಾರ್ಡು. ಬೆಳಿಗ್ಗೆ ಏಳು ಗಂಟೆ. ಹನ್ನೊಂದನೇ ಹಾಸಿಗೆಯ ಟೈಲರಮ್ಮ ಆಗಲೇ ಮುಖ ತೊಳೆದು, ತಲೆ ಬಾಚಿ, ಪಕ್ಕದ ಹಾಸಿಗೆಯಾಕೆಯ ಕುತ್ತಿಗೆಯ ಹೊಲಿಗೆಯನ್ನು ಕನ್ನಡಕ ಏರಿಸಿಕೊಂಡು ಪರೀಕ್ಷಿಸುತ್ತಿದ್ದರು.

"ಇದು ನಿಮ್ಮ ಕೈದಾ ಡಾಕ್ಟ್ರಮ್ಮ? ಪರವಾಗಿಲ್ಲ, ಸಮ ಬಂದಿದೆ. ಈ ತುದೀಲಿ ಮಾತ್ರ ಸ್ವಲ್ಪ ಎಳೆದುಬಿಟ್ಟಿದೀರ. ನನ್ನ ಅಂಗಡೀಲಾಗಿದ್ರೆ ಬಿಚ್ಚಿಸ್ತಿದ್ದೆ."

ನಾಲಿಗೆಯ ಗೆಡ್ಡೆಯಿಂದ ಅವರ ಮಾತು ತೊಡರುತ್ತಿತ್ತು, ನಿಲ್ಲುತ್ತಿರಲಿಲ್ಲ. ಕಿರಿಯ ಡಾಕ್ಟರಿಗೆ ನಗು ಬಂತು. ಆರು ವರ್ಷ ಸರ್ಜನ್ ಆಗಿ ಕೆಲಸ ಮಾಡಿದ ಮೇಲೆ, ಬಾಯಿ ಗಂಟಲಿನ ಕ್ಯಾನ್ಸರನ್ನೇ ಆಳವಾಗಿ ಕಲಿಯಲೆಂದು ಎರಡು ವರ್ಷದ ಫೆಲೋಶಿಪ್ಪಿಗೆ ಸೇರಿದವಳು ಅವಳು. ಮನೆಗೆ ಹೋಗುವಷ್ಟರಲ್ಲಿ ಐದು ವರ್ಷದ ಮಗಳು ಹೆಚ್ಚಾಗಿ ನಿದ್ದೆ ಹೋಗಿರುತ್ತಿದ್ದಳು. ಫೆಲೋಶಿಪ್ಪು ಮುಗಿಯಲು ಇನ್ನು ನಾಲ್ಕು ತಿಂಗಳು ಉಳಿದಿತ್ತು. ಪ್ರತಿ ಆಪರೇಶನ್ನನ್ನೂ ಲಾಗ್ ಬುಕ್ಕಿನಲ್ಲಿ ಬರೆಯಬೇಕು: ಸಹಾಯ ಮಾಡಿದ್ದು ಒಂದು ಕಡೆ, ತಾನೇ ಮಾಡಿದ್ದು ಇನ್ನೊಂದು ಕಡೆ. ನಾಲಿಗೆಯನ್ನು ಪೂರ್ತಿ ತೆಗೆದು, ತೊಡೆಯ ಮಾಂಸದಿಂದ ಆ ಜಾಗ ತುಂಬುವ ಆಪರೇಶನ್ನನ್ನು ಅವಳು ಇನ್ನೂ ತಾನೇ ಮಾಡಿರಲಿಲ್ಲ. ಟೈಲರಮ್ಮನದೇ ಮೊದಲನೆಯದಾಗಲಿತ್ತು.

ನಾಲಿಗೆ ಪೂರ್ತಿ ಹೋಗುವ ವಿಷಯ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಟೈಲರಮ್ಮನೊಬ್ಬರನ್ನು ಬಿಟ್ಟು.

ಒಪ್ಪಿಗೆ ಪತ್ರದ ಮಾತುಕತೆಯೆಲ್ಲ ಅಲ್ಲಿ ನಡೆಯುತ್ತಿದ್ದುದು ಕಾರಿಡಾರಿನಲ್ಲಿ, ಮನೆಯವರ ಜೊತೆ. ರೋಗಿಯ ಕೈಗೆ ಕಾಗದ ಬರುವುದು ಕೊನೆಗೆ, ಸಹಿಗೆ. ಮೊದಲಿನಿಂದ ಬಂದ ರೂಢಿ.

"ಅಮ್ಮಂಗೆ ಹುಣ್ಣು ತೆಗೀತಾರೆ ಅಂತಷ್ಟೇ ಹೇಳಿದೀನಿ ಮೇಡಂ. ನೀವೂ ಹಾಗೇ ಹೇಳಿ" ಎಂದ ಟೈಲರಮ್ಮನ ಮಗ.

"ಮಾತು ಹೋಗುತ್ತಲ್ಲಾ. ಅವರಿಗೆ ಗೊತ್ತಿರಬೇಡ್ವಾ?"

"ಗೊತ್ತಾದ್ರೆ ಆಪರೇಶನ್ನೇ ಬೇಡ ಅಂತ ಚೀಲ ಎತ್ಕೊಂಡು ಹೊರಡ್ತಾಳೆ. ಅವಳ ಹಟ ನಿಮಗೆ ಗೊತ್ತಿಲ್ಲ. ಅಪ್ಪನ್ನ ಕಳ್ಕೊಂಡಾಯ್ತು. ಇವಳು ಮಾತಾಡದಿದ್ರೂ ಚಿಂತೆಯಿಲ್ಲ, ಕಣ್ಮುಂದೆ ಇರ್ಲಿ." ಅವನು ತೋಳಿನಲ್ಲಿ ಮುಖ ಒರೆಸಿಕೊಂಡ.

ಕಿರಿಯ ಡಾಕ್ಟರ್ ತನ್ನ ಯೂನಿಟ್ಟಿನ ದೊಡ್ಡ ಡಾಕ್ಟರನ್ನು ಕೇಳಿದಳು. ಅವರು ಎಕ್ಸ್‌ರೇಯಿಂದ ಕಣ್ಣು ತೆಗೆಯಲಿಲ್ಲ.

"ನೋಡಮ್ಮ, ಹೊರಗೆ ಎಂಬತ್ತು ಜನ ಕೂತಿದಾರೆ. ಒಬ್ಬೊಬ್ಬರನ್ನೂ ಕೂರಿಸ್ಕೊಂಡು ಸಮಾಧಾನ ಮಾಡ್ತಾ ಹೋದ್ರೆ ಗೆಡ್ಡೆ ಕಾಯುತ್ತಾ? ಮೊದಲು ಜೀವ ಉಳಿಸು. ಆಮೇಲೆ ನಮ್ಮನ್ನ ಬೈಯೋಕಾದ್ರೂ ಬದುಕಿರ್ತಾರೆ."

ಅದೂ ಸುಳ್ಳಲ್ಲ. ಮೂವತ್ತು ವರ್ಷ ಎಷ್ಟೋ ಜನರನ್ನು ಬದುಕಿಸಿದ ಕೈ ಅವರದು. ಅಲ್ಲದೆ ಅವಳಿಗೆ ಆ ಆಪರೇಶನ್ ಬೇಕಾಗಿತ್ತು. ಆ ಆಸೆಯನ್ನು ಅವಳು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ, ತನ್ನ ಮುಂದೆಯೂ.

ಮಗ ಬೆರಳಿಟ್ಟು ತೋರಿಸಿದಲ್ಲಿ ಟೈಲರಮ್ಮ ಸಹಿ ಹಾಕಿದರು. ಆಮೇಲೆ ಕೇಳಿದರು, "ಎಷ್ಟು ದಿನ ಮಾತಾಡಬಾರ್ದು ಡಾಕ್ಟ್ರಮ್ಮ?"

"ಸ್ವಲ್ಪ ದಿನ ಅಮ್ಮ."

"ಹಾಗಾದ್ರೆ ತಂಗಿಗೆ ಆಮೇಲೇ ಫೋನ್ ಮಾಡ್ತೀನಿ. ಮಾತು ಬಿಟ್ಟು ಹನ್ನೊಂದು ವರ್ಷ. ಅಮ್ಮನ ಹಳೇ ಹೊಲಿಗೆ ಮಿಶನ್ನಿಗೋಸ್ಕರ ಜಗಳ ಆಡಿದ್ವಿ, ನಗಬೇಡಿ! ತಪ್ಪು ನಂದೇ. ಈಗ ಮಾಡಿದ್ರೆ ಪಾಪ ಅಂತ ಓಡಿ ಬರ್ತಾಳೆ. ಅದು ಬೇಡ. ಹುಷಾರಾಗಿ ಮನೆಗೆ ಹೋಗಿ, ಗಟ್ಟಿ ದನೀಲಿ 'ತಪ್ಪಾಯ್ತು ಕಣೇ' ಅಂತೀನಿ."

ಫೋನು ದಿಂಬಿನ ಪಕ್ಕದಲ್ಲೇ ಇತ್ತು. ಹೇಳಲು ಒಂದು ವಾಕ್ಯ ಸಾಕಿತ್ತು.

"ರೆಸ್ಟ್ ತಗೊಳ್ಳಿ ಅಮ್ಮ" ಎಂದು ಅವಳು ಮುಂದಿನ ಹಾಸಿಗೆಗೆ ಹೋದಳು.

ಆಪರೇಶನ್ ಒಂಬತ್ತು ಗಂಟೆ ಹಿಡಿಯಿತು. ಗೆಡ್ಡೆ ಪೂರ್ತಿ ಬಂತು, ಕೂರಿಸಿದ ಮಾಂಸಕ್ಕೆ ರಕ್ತ ಚೆನ್ನಾಗಿ ಹರಿಯಿತು. "ನನ್ನ ಕೈ ಬೇಕಾಗ್ಲೇ ಇಲ್ಲವಲ್ಲಮ್ಮ" ಎಂದು ದೊಡ್ಡ ಡಾಕ್ಟರು ಬೆನ್ನು ತಟ್ಟಿದರು. ಲಾಗ್ ಬುಕ್ಕಿನಲ್ಲಿ ಬರೆಯುವಾಗ ಅವಳಿಗೆ ನಿಜಕ್ಕೂ ಖುಷಿಯಾಗಿತ್ತು.

ಐದನೇ ದಿನ ಟೈಲರಮ್ಮ ದಿಂಬಿಗೊರಗಿ ಕುಳಿತು, ಕಾಗದ ಪೆನ್ನು ಬೇಕೆಂದು ಸನ್ನೆ ಮಾಡಿದರು. ಉಸಿರಿಗೆಂದು ಕತ್ತಿನಲ್ಲಿ ಕೊಳವೆಯಿತ್ತು. 'ಮಾತು ಯಾವಾಗ?' ಎಂದು ಬರೆದರು.

ಕಿರಿಯ ಡಾಕ್ಟರ್ ಮಗನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳೇ ಹೇಳಿದಳು. ಕೊಳವೆ ತೆಗೆದ ಮೇಲೆ ದನಿ ಬರುತ್ತದೆ, ಆದರೆ ಮಾತು ಮೊದಲಿನ ಹಾಗೆ ಬರುವುದಿಲ್ಲ. ಬಹುಶಃ ಬೇರೆಯವರಿಗೆ ತಿಳಿಯುವ ಹಾಗೂ ಬರುವುದಿಲ್ಲ.

ಟೈಲರಮ್ಮ ಅಳಲಿಲ್ಲ. ತುಂಬ ಹೊತ್ತು ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡಿದರು. ಆಮೇಲೆ ನಿಧಾನವಾಗಿ ಬರೆದರು:

'ಹೇಳಿದ್ದರೂ ಮಾಡಿಸಿಕೊಳ್ಳುತ್ತಿದ್ದೆ. ಹಿಂದಿನ ದಿನ ಒಂದು ಫೋನ್ ಮಾಡಿಕೊಂಡು.'

ಮಗ ಅದನ್ನು ಓದಿ, ಗೋಡೆಗೆ ತಿರುಗಿ ನಿಂತ. ಆಮೇಲೆ ಅವನೇ ಚಿಕ್ಕಮ್ಮನಿಗೆ ಫೋನ್ ಹಚ್ಚಿ, ವಿಷಯ ತಿಳಿಸಿ, ತಾಯಿಯ ಕಿವಿಗೆ ಹಿಡಿದ.

"ಅಕ್ಕಾ? ಅಕ್ಕಾ, ಕೇಳಿಸ್ತಿದೆಯೇನೇ? ಏನಾದ್ರೂ ಅನ್ನೇ... ಬೈಯೋದಾದ್ರೂ ಬೈಯೇ ಅಕ್ಕಾ."

ಕೊಳವೆಯಲ್ಲಿ ಗಾಳಿ ಹೋಗಿ ಬರುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅದು ಆ ಕಡೆ ಕೇಳಿಸಿತೋ ಇಲ್ಲವೋ. ಕಿರಿಯ ಡಾಕ್ಟರ್ ಚಾರ್ಟು ನೋಡುವವಳಂತೆ ನಿಂತಿದ್ದಳು. ಅದರ ಒಂದಕ್ಷರವೂ ಅವಳಿಗೆ ಕಾಣಿಸುತ್ತಿರಲಿಲ್ಲ.

ತಂಗಿ ಮರುದಿನವೇ ಬಂದಳು. ಅಕ್ಕನ ಕೈಯಿಂದ ಪೆನ್ನು ಬಿಡಿಸುತ್ತಾ, "ಸಾಕು ಬಿಡೇ, ಗೊತ್ತಾಯ್ತು" ಎನ್ನುತ್ತಲೇ ಇದ್ದಳು. ಅಕ್ಕ ಮತ್ತೆ ಮತ್ತೆ 'ತಪ್ಪಾಯ್ತು' ಎಂಬ ಅದೇ ಒಂದು ಪದ ಬರೆಯುತ್ತಲೇ ಇದ್ದರು.

ಮೂರು ವಾರಗಳ ನಂತರ ಗಂಡಸರ ವಾರ್ಡಿಗೆ ಬಸ್ ಕಂಡಕ್ಟರೊಬ್ಬ ಬಂದ. ಅದೇ ರೋಗ, ಅದೇ ಆಪರೇಶನ್. ಕಾರಿಡಾರಿನಲ್ಲಿ ಅವನ ಹೆಂಡತಿ ಕೈ ಮುಗಿದಳು. "ಅವರಿಗೆ ಹೇಳ್ಬೇಡಿ ಮೇಡಂ. ತಡ್ಕೊಳ್ಳಲ್ಲ."

"ಒಳಗೆ ಬನ್ನಿ ಅಮ್ಮ. ಹೇಳೋದು ನಾನು. ನೀವು ಅವರ ಪಕ್ಕ ಕೂತ್ಕೊಳ್ಳಿ."

ಅವಳು ಸ್ಟೂಲು ಎಳೆದುಕೊಂಡು ಕುಳಿತು, ಹಾಸಿಗೆಯ ಸುತ್ತ ಪರದೆ ಎಳೆದಳು. ಮುಕ್ಕಾಲು ಗಂಟೆ ಹಿಡಿಯಿತು.

ಮರುದಿನ ಬೆಳಿಗ್ಗೆ ದೊಡ್ಡ ಡಾಕ್ಟರು ಆಪರೇಶನ್ ಪಟ್ಟಿ ನೋಡಿ ಹುಬ್ಬೇರಿಸಿದರು. "ಪಟ್ಟೀಲಿ ಹೆಸರಿದೆ, ಕಂಡಕ್ಟರ್ ಎಲ್ಲಿ? ಹೆದರಿಸಿ ಓಡಿಸಿದೆಯಾ?"

"ಇಲ್ಲ ಸರ್. ಎರಡು ದಿನ ಟೈಮ್ ಕೇಳಿದಾರೆ. ಮಾತಾಡೋದಿದೆಯಂತೆ."

"ಅಂದ್ರೆ ಗುರುವಾರ. ಅವತ್ತಿನ ಪಟ್ಟಿ ಬೇರೆ ಯೂನಿಟ್ಟಿಂದು. ಈ ಕೇಸು ನಿನ್ನ ಕೈ ತಪ್ಪುತ್ತೆ, ಗೊತ್ತು ತಾನೆ?"

"ಗೊತ್ತು ಸರ್."

ಅವರು ಅವಳ ಮುಖವನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಆ ಹೆಸರನ್ನು ಹೊಡೆದು, ಕೆಳಗೆ ಗುರುವಾರ ಎಂದು ಬರೆದರು.

ಮಧ್ಯಾಹ್ನ ಅವಳು ವಾರ್ಡಿಗೆ ಬಂದಾಗ ಕಂಡಕ್ಟರ್ ಕಿಟಕಿಯ ಬಳಿ ನಿಂತು ಫೋನಿನಲ್ಲಿ ಯಾರನ್ನೋ ರೇಗಿಸುತ್ತಿದ್ದ, ನಡುವೆ ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದ, ಮತ್ತೆ ಶುರು ಮಾಡುತ್ತಿದ್ದ. ರಕ್ತ ತೆಗೆಯಲು ಸೂಜಿ ಹಿಡಿದು ಬಂದ ನರ್ಸನ್ನು ಅವಳು ಬಾಗಿಲಲ್ಲೇ ತಡೆದಳು.

"ಆಮೇಲೆ ಬನ್ನಿ ಸಿಸ್ಟರ್. ಮಾತಾಡ್ಲಿ."