ಫೋಟೋದವಳ ಫೋಟೋ

ಇಪ್ಪತ್ತು ವರ್ಷದಿಂದ ಊರವರ ಮುಖಗಳನ್ನೆಲ್ಲ ಚೆಂದವಾಗಿ ತೆಗೆದುಕೊಟ್ಟವಳು ನಾನು. ಸ್ಟುಡಿಯೋದ ಹೊಸ ಬೋರ್ಡಿಗೆ ನನ್ನದೇ ಒಂದು ಫೋಟೋ ಬೇಕಾದಾಗ ಮಾತ್ರ ಸೋತು ಕುಳಿತೆ.

ಬೆಳಕಿನಲ್ಲಿ ತಪ್ಪಿರಲಿಲ್ಲ. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಚ್ಚಿ, ಎಡಗಡೆಯ ಸ್ಟ್ಯಾಂಡಿನ ಮೇಲೆ ಕಣ್ಣಿಗಿಂತ ಒಂದು ಮೊಳ ಎತ್ತರಕ್ಕೆ ಇಟ್ಟು, ಬಿಳಿ ಕೊಡೆಯಲ್ಲಿ ಬೆಳಕು ಸೋಸಿ ಬರುವಂತೆ ಮಾಡಿದ್ದೆ. ಸ್ಟೂಲಿನ ಮೇಲೆ ನನ್ನ ಬದಲಿಗೆ ಪೊರಕೆ ನಿಲ್ಲಿಸಿ ಫೋಕಸ್ ಮಾಡಿದೆ. ಆ ಬೆಳಕಿನಲ್ಲಿ ಪೊರಕೆಯೂ ಲಕ್ಷಣವಾಗಿಯೇ ಬಂತು. ಅದರ ಜಾಗದಲ್ಲಿ ನಾನು ಕೂತು ರಿಮೋಟ್ ಒತ್ತಿದರೆ, ಹನ್ನೆರಡು ಫೋಟೋದಲ್ಲೂ ಬಾಯಿ ಸೊಟ್ಟ.

"ನನ್ನ ಮೂತಿನೇ ಇಷ್ಟು. ಬೋರ್ಡಿಗೆ ಪೊರಕೆನೇ ಹಾಕಿಸ್ತೀನಿ," ಎಂದು ರೇಗಿದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ಕೇಳಿದಳು: "ಒತ್ತೋವಾಗ ಏನೋ ಹೇಳ್ತಿರ್ತೀಯಲ್ಲ, ಯಾರಿಗೆ?"

"ನಾನೆಲ್ಲಿ ಹೇಳ್ದೆ?" ಎಂದು ಇನ್ನೊಮ್ಮೆ ಒತ್ತಿದೆ. ಆಗ ನನ್ನ ಮಾತು ನನ್ನ ಕಿವಿಗೇ ಬಿತ್ತು: "ಗದ್ದ ಸ್ವಲ್ಪ ಕೆಳಗೆ, ಹಾಗೇ ನಗಿ, ರೆಡಿ." ಗಿರಾಕಿಗಳಿಗೆ ಹೇಳಿ ಹೇಳಿ ರೂಢಿಯಾದದ್ದನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ "ರೆಡಿ"ಯ ನಡುವೆಯೇ ಪ್ರತಿ ಸಲ ಫ್ಲ್ಯಾಶ್ ಹೊಡೆದಿತ್ತು.

"ನೀನು ಬಾಯಿ ಮುಚ್ಕೊಂಡು ಕೂತ್ಕೊ, ಅದನ್ನ ನಾನು ಹೇಳ್ತೀನಿ." ಅಕ್ಕ ಕ್ಯಾಮೆರಾದ ಪಕ್ಕ ಬಂದು ನಿಂತಳು. "ಗದ್ದ ಕೆಳಗೆ. ಸ್ವಲ್ಪ ನಗಿ, ಮೇಡಮ್."

ನಗು ತಾನಾಗಿಯೇ ಬಂತು. ಒತ್ತಿದೆ.

ಎದ್ದು ಹೋಗಿ ಪರದೆ ನೋಡಿದರೆ, ಅಲ್ಲಿ ಚೆನ್ನಾಗಿಯೇ ಇರುವ ಒಬ್ಬ ಹೆಂಗಸು ಕೂತಿದ್ದಳು. ತಪ್ಪು ಮುಖದ್ದಲ್ಲ, ಮಾತಿನದು. ಎದೆಯ ಮೇಲಿನ ಭಾರ ಇಳಿದಂತಾಯಿತು.

ಅಕ್ಕನೂ ಬಗ್ಗಿ ನೋಡಿದಳು.

"ಪರವಾಗಿಲ್ಲ," ಎಂದಳು. "ಪೊರಕೆಗಿಂತ ಚೆನ್ನಾಗಿ ಬಂದಿದ್ದೀಯ."