ಘಡಿ ಮುರಿಯದ ಸೀರೆ

ಜಮಖಂಡಿಯ ಶಿದ್ರಾಮಪ್ಪ ಸಾವುಕಾರ ಹೇಡಿ. ತಂಗೆವ್ವನ ಸೀರೆ ಇನ್ನು ಬೇಡ ಎಂದು ಅವಳ ಮುಖ ನೋಡಿ ಹೇಳಲು ಅವನಿಂದ ಆಗಲಿಲ್ಲ. ಅದಕ್ಕೇ ಕಾಲೇಜಿನ ಮಾಸ್ತರನೊಬ್ಬನನ್ನು ಹಿಡಿದು, ಲೆಕ್ಕ ಮಾಡಿಸಿ, ಆ ಲೆಕ್ಕದ ಬಾಯಿಂದ ಹೇಳಿಸಲು ಹೋದ.

ತಂಗೆವ್ವನ ಶೆಡ್ಡು ಬನಹಟ್ಟಿಯಲ್ಲಿದೆ. ಗಂಡ ತೀರಿಕೊಂಡಾಗ ಮಗ್ಗಗಳನ್ನು ಮಾರಿ ತವರಿಗೆ ಹೋಗೆಂದು ಮೈದುನರು ಹೇಳಿದ್ದರು. ಅವಳು ಮಾರಲೂ ಇಲ್ಲ, ಹೋಗಲೂ ಇಲ್ಲ. ಹೆಂಗಸರೇ ನಡೆಸುವ ಸಣ್ಣ ಶೆಡ್ಡು ಅದು. ನಾನು ಅಲ್ಲಿ ಕಂಡಿಕೆಗೆ ನೂಲು ಸುತ್ತಲು ಸೇರಿದವಳು, ಈಗ ಮಗ್ಗವನ್ನೂ ನಡೆಸುತ್ತೇನೆ. ನಾವು ನೇಯ್ದದ್ದೆಲ್ಲ ಹೋಗುವುದು ಶಿದ್ರಾಮಪ್ಪನ ಅಂಗಡಿಗೆ. ಅಲ್ಲಿಂದ ಮುಧೋಳ, ಬೀಳಗಿ, ಲೋಕಾಪುರಕ್ಕೆ. ಅವನು ಕೈಬಿಟ್ಟರೆ ನಮ್ಮ ಮಗ್ಗಗಳು ಗುಜರಿಗೆ ಹೋದಂತೆಯೇ.

ಅವನು ಕೈಬಿಡಲು ಹೊರಟದ್ದು ಏಕೆಂದು ಆಮೇಲೆ ಪೇಟೆಗೆಲ್ಲ ಗೊತ್ತಾಯಿತು. ರಬಕವಿಯಲ್ಲಿ ಚಿದಾನಂದನೆಂಬವನ ದೊಡ್ಡ ಶೆಡ್ಡಿದೆ. ಅವನ ತಮ್ಮನಿಗೆ ಶಿದ್ರಾಮಪ್ಪ ಮಗಳನ್ನು ಕೊಡುವ ಮಾತು ನಡೆದಿತ್ತು. ಬೀಗನಾಗುವವನಿಗೆ ಸೀರೆಯ ಆರ್ಡರನ್ನೂ ಕೊಟ್ಟುಬಿಡುವ ಆಸೆ. ಆದರೆ ಹಾಗೆಂದು ಬಾಯಿ ಬಿಟ್ಟರೆ, ಗಂಡನಿಲ್ಲದವಳ ಅನ್ನ ಕಸಿದು ಬೀಗನ ತಾಟಿಗೆ ಹಾಕಿದ ಎಂದು ನಾಲ್ಕು ಜನ ಆಡಿಕೊಳ್ಳುತ್ತಾರೆ. ಸಾವುಕಾರನಿಗೆ ಬೀಗನೂ ಬೇಕು, ಹೆಸರೂ ಬೇಕು.

ಒಂದು ದಿನ ತಂಗೆವ್ವನಿಗೆ ಫೋನು ಬಂತು. ಶೆಡ್ಡಿನ ಸಪ್ಪಳದಲ್ಲಿ ಕೇಳುವುದಿಲ್ಲವೆಂದು ಹೊರಗೆ ಬಂದು ಸ್ಪೀಕರ್ ಹಾಕಿದಳು. ನಾನೂ ಹಿಂದೆ ನಿಂತಿದ್ದೆ.

"ತಂಗೆವ್ವನವರಾ? ನಾ ಶ್ರೀಧರ ಅಂತ್ರಿ, ಜಮಖಂಡಿಯಾಗ ಕಾಲೇಜಿನ್ಯಾಗ ಸ್ಟ್ಯಾಟಿಸ್ಟಿಕ್ಸ್ ಕಲಸ್ತೇನಿ. ಸಾವ್ಕಾರರು ಹೇಳ್ಯಾರ. ಪರೀಕ್ಷಾಕ್ಕ ಒಂದು ಹತ್ತು ಸೀರಿ ಕಳಸ್ರಿ. ಯಾವೂ ನಡೀತಾವು."

"ಏನ್ ಮಾಡ್ತೀರಿ ಅವನ್ನ?"

"ಪಟ್ಟಿ ಕತ್ತರಿಸಿ ಮಶೀನಿಗೆ ಹಾಕಿ ಜಗ್ಗತೇವ್ರಿ, ಹರಿಯೂ ತನಕ. ಸೀರಿ ತಿರುಗಿ ಬರೂದಿಲ್ಲ ಮತ್ತ."

ಇಷ್ಟೇ. ಯಾವುದಕ್ಕೆ ಎಂದು ಹೇಳಲಿಲ್ಲ, ಚಿದಾನಂದನ ಹೆಸರು ಎತ್ತಲಿಲ್ಲ. ತಂಗೆವ್ವ ಫೋನನ್ನು ಕುಬಸದೊಳಗೆ ಇಟ್ಟುಕೊಂಡು ನನ್ನ ಮುಖ ನೋಡಿದಳು.

"ಹರೀತಾರಂತ ಕಾಂಚನಾ, ಹೊಸಾ ಸೀರಿ."

"ಹುಡುಗರಿಗೆ ಏನರೆ ಕಲಸಾಕ ಇರಬೇಕು ಬಿಡ ಯಕ್ಕಾ. ಅವರಿಗೇನು, ಹರಿಯಾಕೂ ಪಗಾರ ಕೊಡ್ತಾರ."

ಇಲ್ಲಿ ನಮ್ಮ ಶೆಡ್ಡಿನ ಒಂದು ರೂಢಿ ಹೇಳಬೇಕು. ಮಗ್ಗದಿಂದ ಇಳಿದ ಸೀರೆಗೆ ಘಡಿ ಹಾಕಿ, ಎಂದರೆ ಮಡಚಿ, ಅಂಚಿಗೆ ಅರಿಶಿನ-ಕುಂಕುಮ ಮುಟ್ಟಿಸಿದ ಮೇಲೆ ಅದಕ್ಕೆ ಕತ್ತರಿ ತಾಗಿಸುವ ಹಾಗಿಲ್ಲ. ಯಾವಳಾದರೂ ಒಬ್ಬಳು ಉಟ್ಟು ಅದರ ಘಡಿ ಮುರಿಯಬೇಕು. ಆಮೇಲೆ ಅದು ಹರಿಯಲಿ, ಒರೆಸುವ ಅರಿವೆಯಾಗಲಿ, ನಮಗೆ ಸಂಬಂಧವಿಲ್ಲ. ಉಡದ ಸೀರೆ ಹರಿದರೆ, ಅದನ್ನು ಉಡಬೇಕಾಗಿದ್ದ ಎಲ್ಲಿಯದೋ ಒಬ್ಬಳಿಗೆ ಕೆಟ್ಟದ್ದು ಬಗೆದಂತೆ. ಯಾರು ಹೇಳಿದರು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಹೇಳಿದವರಿಗಿಂತ ಪಾಲಿಸಿದವರೇ ಹೆಚ್ಚು.

ಹೀಗಾಗಿ ಒಳ್ಳೆಯ ಸೀರೆ ಕೊಡುವ ಮಾತೇ ಬರಲಿಲ್ಲ. ಶೆಡ್ಡಿನ ಹಿಂದಿನ ಮೂಲೆಯಲ್ಲಿ ಮಾಡಿನ ಪತ್ರಾಸು ಸೋರಿ, ಮಳೆನೀರು ಕುಡಿದು, ಎಳೆ ಕೊಳೆತ ಸೀರೆಗಳು ಬಿದ್ದಿದ್ದವು. ಅವಕ್ಕೆ ಕುಂಕುಮವನ್ನೂ ಇಟ್ಟಿರಲಿಲ್ಲ. ನಾನೇ ಕೊಡವಿ, ಹತ್ತು ಎಣಿಸಿ, ಗಂಟು ಕಟ್ಟಿ ಕಳಿಸಿದೆ. ಹರಿದು ಎಸೆಯುವವನಿಗೆ ಬೇರೆ ಎಂಥದು ಕೊಡಬೇಕಿತ್ತು?

ಎರಡು ವಾರಕ್ಕೆ ಸಾವುಕಾರ ಅಂಗಡಿಗೆ ಕರೆಸಿದ. ಗಾದಿಯ ಮೇಲೆ ಅವನು, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಮಾಸ್ತರ. ಇಸ್ತ್ರಿ ಮುರಿಯದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ತಂಗೆವ್ವ ಕೂತಳು. ನಾನು ನಿಂತೇ ಇದ್ದೆ.

"ನೋಡ್ರಿ," ಎಂದು ಮಾಸ್ತರ ಶುರು ಮಾಡಿದ. "ಮೊದಲ ನಾವು ಏನ್ ಮಾಡ್ತೇವಿ, ನಿಮ್ಮ ಶೆಡ್ಡಿನ ಸೀರಿ, ಚಿದಾನಂದನವರ ಶೆಡ್ಡಿನ ಸೀರಿ, ಎರಡೂ ಗಟ್ಟಿತನದಾಗ ಸರಿಸಮ ಅಂತ ಹಿಡೀತೇವಿ. ಇದಕ್ಕ ಶೂನ್ಯ ಪ್ರಾಕ್ಕಲ್ಪನೆ ಅಂತಾರ. ಆಮ್ಯಾಲ ಹರದು ನೋಡ್ತೇವಿ. ಖರೇನ ಎರಡೂ ಸರಿಸಮ ಇದ್ದಿದ್ರ, ಇಷ್ಟು ದೊಡ್ಡ ಫರಕು ಬರೂದು ಸಾವಿರಕ್ಕ ಒಮ್ಮೆನೂ ಕಷ್ಟ. ಆದ್ರ ಬಂದೈತಿ. ಅಂದಮ್ಯಾಲ ಸರಿಸಮ ಅಂತ ಹಿಡಿದಿದ್ದ ತಪ್ಪು. ಚಿದಾನಂದನವರ ಸೀರಿ ಗಟ್ಟಿ ಅದಾವ."

ಪರದೆಯ ಮೇಲೆ ಎರಡು ಗುಡ್ಡದಂಥ ಗೆರೆ ತೋರಿಸಿದ. ನಮ್ಮ ಗುಡ್ಡ ಎಡಕ್ಕೆ, ಅವನದು ಬಲಕ್ಕೆ. ಎಷ್ಟು ಚೆಂದ ಬರೆದಿದ್ದನೆಂದರೆ ಅದನ್ನು ನೋಡಿದವರು ಸೀರೆ ನೋಡುವುದನ್ನೇ ಮರೆಯಬೇಕು.

"ನಾ ಏನ್ ಮಾಡ್ಲೆವ್ವಾ," ಎಂದು ಸಾವುಕಾರ ದನಿ ಸಣ್ಣ ಮಾಡಿದ. "ಲೆಕ್ಕ ಹೇಳಾಕತ್ತೈತಿ. ಲೆಕ್ಕಕ್ಕ ಯಾರೂ ಬೀಗರಲ್ಲ, ಯಾರೂ ಬಿಜ್ಜರಲ್ಲ. ಮುಂದಿನ ಹಬ್ಬದ ಮಾಲು ಚಿದಾನಂದಗ ಹೇಳಿಬಿಡತೇನಿ."

ತಂಗೆವ್ವ ಆ ಗುಡ್ಡಗಳಿಂದ ಕಣ್ಣು ತೆಗೆದು ಸಾವುಕಾರನನ್ನು ಕೇಳಿದಳು. "ಇಷ್ಟು ವರ್ಷದಾಗ ನನ್ನ ಸೀರಿ ಹರೀತಂತ ಒಬ್ಬಾಕಿ ಆದ್ರೂ ನಿಮ್ಮ ಅಂಗಡಿ ಮೆಟ್ಲ ಹತ್ಯಾಳೇನ್ರಿ?"

ಸಾವುಕಾರ ಮಾಸ್ತರನ ಕಡೆ ನೋಡಿದ. ಮಾಸ್ತರ, "ಅದು ಡೇಟಾ ಅಲ್ರಿ" ಎಂದ.

ನನಗೆ ತಲೆ ಕೆಟ್ಟಿತು. "ಏನ್ರಿ ಮಾಸ್ತರ್ರ, ಹರಿಯಾಕ ಬೇಕು ಅಂದ್ರಿ, ಹರಿಯೂವಂಥಾವ ಕೊಟ್ಟಿವಿ! ಮಳಿನೀರಾಗ ಕೊಳತು ಮೂಲ್ಯಾಗ ಬಿದ್ದಾವ ಹರೀದೆ ಇರ್ತಾವೇನು? ಇದನ್ನ ತಿಳಕೊಳ್ಳಾಕ ನಿಮಗ ಮಶೀನ್ ಬೇಕಾತು. ನಮ್ಮ ಮನಿ ಬೆಕ್ಕಿಗೆ ಗೊತ್ತೈತಿ!"

"ಕಾಂಚನಾ, ಸುಮ್ಕಿರು."

"ಯಾಕ ಸುಮ್ಕಿರ್ಲಿ?"

ಮಾಸ್ತರ ಮಾತ್ರ ಬೈಸಿಕೊಂಡವನ ಹಾಗೆ ಕಾಣಲಿಲ್ಲ. ಮುಖದ ಬಣ್ಣವೇ ಇಳಿದಿತ್ತು. "ಕೊಳತಾವ? ಕೊಳತಾವ್ನ ಆರಿಸಿ ಕಳಿಸಿದ್ರಿ?"

"ಮತ್ತೇನು, ಘಡಿ ಮುರೀದಾವ ಕೊಟ್ಟು ಹರಿಸಬೇಕಿತ್ತೇನು? ನಿಮ್ಮ ಮನ್ಯಾಗ ಹೆಣ್ಣಮಕ್ಕಳಿಲ್ಲೇನು?"

ಅವನು ಸಾವುಕಾರನತ್ತ ತಿರುಗಿದ. "ಚಿದಾನಂದನವರು ಯಾವ ಕಳಿಸಿದ್ರು?"

ಸಾವುಕಾರ ಗಾದಿಯ ಅಂಚನ್ನು ತೀಡಿದ. "ಛಲೋವ ಕಳಿಸಿದ್ದ. ಲಗ್ನಕ್ಕಂತ ನೇಸಿದ್ದಾವು."

"ಅವರಿಗೆ ಯಾತಕ್ಕಂತ ಗೊತ್ತಿತ್ತು?"

"ಬೀಗರ ಅಂದಮ್ಯಾಲ ಮಾತು ಬರತಾವಪಾ."

ಮಾಸ್ತರ ಲ್ಯಾಪ್‌ಟಾಪ್ ಮುಚ್ಚಿದ. "ಇದು ನಡ್ಯೂದಿಲ್ರಿ ಸಾವ್ಕಾರ್ರ. ಲೆಕ್ಕ ಸರಿ ಐತಿ, ಸೀರಿ ಸರಿ ಇಲ್ಲ. ಮತ್ತ ಮಾಡಬೇಕು."

ಇವನು ಹುಡುಗರಿಗೆ ಮೊದಲ ದಿನವೇ ಹೇಳಿಕೊಡುವ ಪಾಠವಂತೆ ಇದು: ಎರಡು ರಾಶಿ ಹೋಲಿಸಬೇಕಾದರೆ ಕಣ್ಣು ಮುಚ್ಚಿ ಎತ್ತಬೇಕು, ರಾಶಿಯ ಪ್ರತಿಯೊಂದಕ್ಕೂ ಕೈಗೆ ಬರುವ ಸಮ ಅವಕಾಶ ಇರಬೇಕು. ತಾನೇ ಒಪ್ಪಿಕೊಂಡ. ಕಾರಣ ಹೇಳಿದರೆ ನಾವು ಒಳ್ಳೆಯದನ್ನೇ ಆರಿಸಿ ಕಳಿಸುತ್ತೇವೆಂದು ಬೇಕೆಂದೇ ಹೇಳಿರಲಿಲ್ಲವಂತೆ. ಜಾಣತನ ನೋಡಿ! ಜಮಖಂಡಿಯಿಂದ ಬನಹಟ್ಟಿಗೆ ಬಸ್ಸು ಹತ್ತಿ ಬಂದು ಕೈಹಾಕಿ ಎತ್ತಿದ್ದರೆ ಮುಗಿಯುತ್ತಿತ್ತು. ಫ್ಯಾನಿನ ಕೆಳಗೆ ಕೂತು ಫೋನು ಮಾಡಿ, ಬಂದ ಗಂಟಿನ ಮೇಲೆ ಸಾವಿರಕ್ಕೆ ಒಮ್ಮೆ ಎಂದು ಲೆಕ್ಕ ಹಾಕಿದ.

ಮರುವಾರ ಮಾಸ್ತರ ನಮ್ಮ ಶೆಡ್ಡಿಗೇ ಬಂದ. ಕಪಾಟಿನ ಸೀರೆಗಳಿಗೆಲ್ಲ ನಂಬರು ಬರೆದ ಚೀಟಿ ಮಾಡಿ, ಕಂಡಿಕೆಯ ಬುಟ್ಟಿಗೆ ಹಾಕಿ ಕಲಸಿ, ಹತ್ತು ಚೀಟಿ ಎತ್ತಿದ. ಆ ಹತ್ತು ಸೀರೆ ಹೊರಗೆ ಬಂದವು. ಒಂದು ಗಿಣಿಹಸಿರು, ಕೆಂಪು ಅಂಚಿನದು, ಸೋಮವ್ವ ನೇಯ್ದದ್ದು. ಸೋಮವ್ವ ನಮ್ಮಲ್ಲಿ ಹಿರಿಯಳು. ಮಗ್ಗ ನಿಲ್ಲಿಸಿ ಬಂದು ಆ ಸೀರೆಯ ಮೇಲೆ ಕೈ ಇಟ್ಟಳು.

"ಕುಂಕುಮ ಹಚ್ಚಿದ್ದು ನಾನು. ಕೊಡೂದಿಲ್ಲ."

"ಅಜ್ಜಿ, ಪರೀಕ್ಷಾ ಆಗದಿದ್ರ ನಿಮ್ಮ ಶೆಡ್ಡಿನ ಹೆಸರ..."

"ನಿನ್ನ ಪರೀಕ್ಷಾ ನೀ ಪಾಸಾಗಪಾ ಮೊದಲ."

ಉಳಿದವರೂ ಮಗ್ಗ ಬಿಟ್ಟು ಬಂದು ನಿಂತರು. ಶೆಡ್ಡೆಲ್ಲ ಸುಮ್ಮನಾಯಿತು. ಹಬ್ಬದ ದಿನ ಬಿಟ್ಟರೆ ಆ ಶೆಡ್ಡು ಹಾಗೆ ಸುಮ್ಮನಾದದ್ದು ನಾನು ಕಂಡಿಲ್ಲ. ಕೊಡದಿದ್ದರೆ ಮೊದಲಿನ ಲೆಕ್ಕವೇ ಗಟ್ಟಿ, ಆರ್ಡರು ರಬಕವಿಗೆ. ಕೊಟ್ಟರೆ ಇವರ ಕೈಯಲ್ಲಿ ನಾಳೆಯಿಂದ ಮಗ್ಗ ನಡೆಯುವುದಿಲ್ಲ. ತಂಗೆವ್ವ ಇಬ್ಬರ ಮಧ್ಯೆ ನಿಂತಿದ್ದಳು. ಆಮೇಲೆ ಮಾಸ್ತರನಿಗೆ, "ನೀವ್ ಹೊರಗ ಹೋಗಿ ನಿಂದರ್ರಿ" ಎಂದಳು.

"ಯಾಕ್ರೀ?"

"ಹೆಣ್ಣಮಕ್ಕಳು ಸೀರಿ ಉಡತಾರು. ಹೊರಗ ಅಂದ್ರ ಹೊರಗ."

ಗಿಣಿಹಸಿರನ್ನು ಸೋಮವ್ವನ ಕೈಗೇ ಕೊಟ್ಟಳು. ಒಬ್ಬೊಬ್ಬರಿಗೆ ಒಂದೊಂದು. ನನ್ನ ಪಾಲಿಗೆ ಬದನೆ ಬಣ್ಣದ್ದು ಬಂತು. ಉಟ್ಟೆವು, ಸೆರಗು ಹೊದ್ದೆವು, ಒಬ್ಬರಿಗೊಬ್ಬರು ಕುಂಕುಮ ಹಚ್ಚಿಕೊಂಡೆವು. ಸೋಮವ್ವ ಆ ಸೀರೆಯಲ್ಲೇ ನಳದ ತನಕ ಹೋಗಿ ಒಂದು ಕೊಡ ನೀರು ತಂದಳು, ಉಟ್ಟಂತೆ ನಾಟಕ ಮಾಡಿದರೆಂದು ಯಾರೂ ಆಡಬಾರದು ನೋಡು ಎಂದು. ಆಮೇಲೆ ಬಿಚ್ಚಿ, ಮಡಚಿ, ಗಂಟು ಕಟ್ಟಿದೆವು. ಘಡಿ ಮುರಿದಾಯಿತು. ಇನ್ನು ಹರಿಯಲಿ.

ಮಾಸ್ತರ ಗಂಟು ನೋಡಿ ತಲೆ ತುರಿಸಿಕೊಂಡ. "ಉಟ್ಟ ಸೀರಿ, ಉಡದ ಸೀರಿ ಹೋಲಿಸಾಕ ಬರೂದಿಲ್ರಿ. ಇವಕ್ಕ ಮಾಡಿದ್ದು ಅವಕ್ಕೂ ಮಾಡಬೇಕಾಕ್ಕೈತಿ."

"ಹಂಗಾದ್ರ ಚಿದಾನಂದಗ ಉಡಸ್ರಿ," ಎಂದೆ ನಾನು.

ಮಾಸ್ತರನ ಜೊತೆ ನಾವೆಲ್ಲ ರಬಕವಿಗೆ ಹೋದೆವು. ಚಿದಾನಂದನ ಶೆಡ್ಡಿನಲ್ಲಿ ಕೆಲಸಕ್ಕೆ ಇರುವವರೆಲ್ಲ ಗಂಡಸರು. ಅಲ್ಲೂ ಚೀಟಿ ಎತ್ತಿ ಹತ್ತು ಸೀರೆ ತೆಗೆದದ್ದಾಯಿತು. ಲಗ್ನದ ಕಪಾಟಿಗೆ ಬೇರೆ ಬೀಗ ಹಾಕಿದ್ದ. ಮಾಸ್ತರ ಈ ಸಲ ಅದನ್ನೂ ತೆಗೆಸಿ ನಂಬರು ಹಾಕಿದ, ಅಷ್ಟು ಬುದ್ಧಿ ಬಂದಿತ್ತು. ಉಡುವ ಮಾತು ಬಂದಾಗ ಚಿದಾನಂದ ಹೆಂಡತಿ ಪ್ರತಿಮಾಳನ್ನು ಕರೆದ.

"ಹತ್ತೂ ನಾ ಒಬ್ಬಾಕಿ ಉಡಬೇಕಾ?" ಎಂದಳು ಪ್ರತಿಮಾ. "ನಾಟಕದ ಕಂಪನಿ ಅಂತ ತಿಳದೀರೇನು? ನಿಮ್ಮ ಬೀಗತನಕ್ಕ ನೀವ ಉಡ್ರಿ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಆ ಹೆಂಗಸನ್ನು ಮೆಚ್ಚಿದ್ದು ಅದೊಂದೇ ಸಲ.

"ಹಂಗ ಹರದ್ರಾತು ಬಿಡ್ರಿ," ಎಂದ ಚಿದಾನಂದ. "ಅರಿವಿ ಅದು, ಕೂಸಲ್ಲ."

ತಂಗೆವ್ವ ಸೀರೆಗಳನ್ನು ಎತ್ತಿಕೊಂಡು ನಮ್ಮತ್ತ ಬಂದಳು. "ನಾವ ಉಡೂಣು."

"ಯಕ್ಕಾ, ಇವನ ಸೀರಿ ನಾವು ಉಡೂದಾ? ನಮ್ಮ ಹೊಟ್ಟಿಗೆ ಕಲ್ಲು ಹಾಕಾಂವ!"

"ನೇದಾಂವ ಇಂವಲ್ಲ ಕಾಂಚನಾ. ಯಾವಾಕೀನೋ ಉಡೂ ಸೀರಿ ಐತಿ ಇದು. ಹಿಡಿ."

ಉಟ್ಟೆವು. ಬೈದುಕೊಳ್ಳುತ್ತ ಉಟ್ಟೆ ನಾನು. ತಂಗೆವ್ವ ಪ್ರತಿ ಸೀರೆಯ ಅಂಚನ್ನೂ ಹೆಬ್ಬೆರಳಲ್ಲಿ ತಿಕ್ಕಿ ನೋಡಿದಳು. "ಛಲೋ ನೇದಾರ" ಎಂದಳು, ಚಿದಾನಂದನಿಗೆ ಕೇಳುವಂತೆ.

ಫಲ ಹೇಳಲು ಮತ್ತೆ ಅಂಗಡಿಗೆ ಕರೆದರು. ಅವತ್ತು ಬೀಳಗಿ ಕಡೆಯ ಗಿರಾಕಿಗಳು ತುಂಬಿದ್ದರು. ಮಾಸ್ತರ ಲ್ಯಾಪ್‌ಟಾಪ್ ತೆರೆದ. ಈ ಸಲ ಎರಡು ಗುಡ್ಡಗಳೂ ಒಂದರ ಮೇಲೊಂದು ಬಿದ್ದಿದ್ದವು.

"ಸ್ವಲ್ಪ ಫರಕು ಐತ್ರಿ. ಆದ್ರ ಇಷ್ಟು ಫರಕು ಸುಮ್ಮ ಸುಮ್ಮನ ಚೀಟಿ ಎತ್ತಿದಾಗೂ ಬರತೈತಿ. ಚಿದಾನಂದನವರ ಸೀರಿ ಹೆಚ್ಚು ಗಟ್ಟಿ ಅನ್ನಾಕ ಆಧಾರ ಸಿಗಲಿಲ್ಲ."

"ಅಂದ್ರ ಎರಡೂ ಒಂದ?" ಎಂದ ಸಾವುಕಾರ.

"ಒಂದ ಅಂತ ಸಿದ್ಧ ಆಗಿಲ್ರಿ. ಬ್ಯಾರೆ ಅನ್ನಾಕ ಆಧಾರ ಇಲ್ಲ."

ಇಂಥ ಮಾತು ಆಡಲು ಇವರಿಗೆ ಸರ್ಕಾರ ಪಗಾರ ಕೊಡುತ್ತದೆ. ಸಾವುಕಾರನ ಕಣ್ಣು ಮಾತ್ರ ಮಿಂಚಿದವು. "ಫರಕಿಲ್ಲಂದ್ರ ಯಾರಿಗೆ ಕೊಟ್ರೂ ನಡೀತೈತಿ. ಚಿದಾನಂದಗ ಕೊಡತೇನಿ."

ಮಾಸ್ತರ ಕನ್ನಡಕ ತೆಗೆದು ಅಂಗಿಗೆ ಒರೆಸಿದ. "ಸಾವ್ಕಾರ್ರ, ನೀವು ಕೇಳಿದ್ದು ತಂಗೆವ್ವನವರನ್ನ ಬಿಡಾಕ ಕಾರಣ ಐತೇನು ಅಂತ. ಪರೀಕ್ಷಾದಾಗ ಕಾರಣ ಸಿಗಲಿಲ್ಲ. ಇನ್ನ ಬಿಟ್ರ, ಬಿಟ್ಟಾವ್ರು ನೀವು, ಲೆಕ್ಕ ಅಲ್ಲ."

ಆ ಮನುಷ್ಯ ಆಡಿದ್ದರಲ್ಲಿ ನನಗೆ ಪೂರ್ತಿ ಅರ್ಥವಾದ ಮಾತು ಇದೊಂದೇ.

ತಂಗೆವ್ವ ಎದ್ದು ನಿಂತಳು. ದನಿ ಏರಿಸಲಿಲ್ಲ, ಆದರೆ ಇಳಿಸಲೂ ಇಲ್ಲ. "ಚಿದಾನಂದಗ ಕೊಡ್ರಿ ಸಾವ್ಕಾರ್ರ, ನನ್ನದೇನೂ ತಕರಾರಿಲ್ಲ. ಅವರೂ ಛಲೋ ನೇಸ್ಯಾರ, ಉಟ್ಟು ನೋಡೇನಿ. ಆದ್ರ ಮಶೀನ್ ಹೇಳ್ತು ಅನಬ್ಯಾಡ್ರಿ. ಬೀಗ ಆಗಾಂವ ಅಂತ ಕೊಟ್ಟೇನಿ ಅನ್ರಿ. ಇಲ್ಲೇ ಅನ್ರಿ. ಇವರೆಲ್ಲ ಕೇಳ್ಲಿ."

ಸೀರೆ ಬಿಡಿಸಿ ನೋಡುತ್ತಿದ್ದ ಗಿರಾಕಿಗಳ ಕೈ ನಿಂತವು. ಒಬ್ಬ ಮುದುಕಿ, "ಏನಂತ ಸಾವ್ಕಾರ?" ಎಂದು ಪಕ್ಕದವಳನ್ನು ಕೇಳಿದಳು.

ಶಿದ್ರಾಮಪ್ಪ ಬಾಯಿ ತೆರೆದ. ಲೆಕ್ಕದ ಕಡೆ ನೋಡಿದ, ಲೆಕ್ಕ ಏನೂ ಹೇಳಲಿಲ್ಲ. ಮಾಸ್ತರನ ಕಡೆ ನೋಡಿದ, ಮಾಸ್ತರ ವೈರು ಸುತ್ತುತ್ತಿದ್ದ. ಅವನ ಸ್ವಂತ ಬಾಯಿಗೆ ಅಷ್ಟು ಸಣ್ಣ ಮಾತು ಎತ್ತಲಾಗಲಿಲ್ಲ.

"ಇದ್ದಂಗ ಇರ್ಲಿ ಬಿಡವ್ವಾ," ಎಂದ ಕೊನೆಗೆ. "ನಾ ಎಲ್ಲಿ ಬಿಡ್ತೇನಿ ಅಂದೆ? ಹಬ್ಬದ ಮಾಲು ನೀನ ಕಳಸು. ಏ, ಚಾ ತರಸ್ರಿ ಇವರಿಗೆ!"

"ಸೋಮವಾರ ಕಳಸ್ತೇನಿ," ಎಂದಳು ತಂಗೆವ್ವ. ಸೆರಗು ಸರಿ ಮಾಡಿಕೊಂಡು ಅಂಗಡಿಯ ಮೆಟ್ಟಿಲು ಇಳಿದಳು. ಮಾಸ್ತರ ಹಿಂದೆಯೇ ಓಡಿ, ಇದನ್ನು ಹುಡುಗರಿಗೆ ಪಾಠ ಮಾಡುತ್ತೇನೆ, ಶೆಡ್ಡಿಗೆ ಕರೆತರಲೇ ಎಂದು ಕೇಳಿದ. "ಬರ್ರಿ," ಎಂದಳು, "ಹೆಣ್ಣಮಕ್ಕಳನ್ನೂ ಕರಕೊಂಡು ಬರ್ರಿ, ಹರಿಯೂ ಮುಂದ ಉಡಾಕ ಬೇಕಾಕ್ಕಾರು."

ಚಹಾ ಬಂತು. ಕುಡಿಯಲು ಅವಳು ಒಳಗೆ ತಿರುಗಿ ಬರಲಿಲ್ಲ. ನಾನು ನನ್ನದನ್ನೂ ಕುಡಿದೆ, ಅವಳದನ್ನೂ ಕುಡಿದೆ, ಶಿದ್ರಾಮಪ್ಪನ ಮುಖ ನೋಡುತ್ತ, ಬಹಳ ನಿಧಾನವಾಗಿ.